ಡೆಡ್‌ಲಾಕಿಗೊಂದು ಉದಾಹರಣೆ

ಕಣ್ಣಿಗೆ ಕಾಣದ್ದನ್ನು ಕಲಿಸುವವರಿಗೆ ಉದಾಹರಣೆ ಬೇಕು, ಅದು ಪುಸ್ತಕಕ್ಕಿಂತ ಹೆಚ್ಚಾಗಿ ಮನೆಯಿಂದ ಬರುತ್ತದೆ ಎಂಬುದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳತೊಡಗಿದ ಮೇಲೆ ನನಗೆ ತಿಳಿಯಿತು. ನಮ್ಮ ವಿಭಾಗದ ಹಿರಿಯ ಮೇಡಂಗೆ ಅತ್ತೆ, ನಾದಿನಿ, ಮಕ್ಕಳು ಎಲ್ಲರೂ ಇದ್ದಾರೆ. ಎಂಥ ಕಠಿಣ ವಿಷಯಕ್ಕೂ ಅವರ ಮನೆಯಲ್ಲೊಂದು ಜಗಳ ಸಿದ್ಧ. ನಾನು ವೇಣೂರಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವವಳು. ಕಲಿಸುವುದು ಆಪರೇಟಿಂಗ್ ಸಿಸ್ಟಮ್, ಅಂದರೆ ಒಂದೇ ಕಂಪ್ಯೂಟರನ್ನು ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಾಳುವ ಬಗೆ. ನನ್ನ ಕೋಣೆಯಲ್ಲಿ ಹಂಚಿಕೊಳ್ಳಲು ಬರುವುದು ಇರುವೆಗಳು ಮಾತ್ರ. ಅವು ಜಗಳವಾಡುವುದಿಲ್ಲ.

ಹೀಗಾಗಿ ಡೆಡ್‌ಲಾಕ್ ಕಲಿಸುವ ದಿನ ಪೇಚಾಟವಾಯಿತು. ಎರಡು ಪ್ರೋಗ್ರಾಮುಗಳು ಹಿಡಿದದ್ದನ್ನು ಬಿಡದೆ ಒಂದಕ್ಕೊಂದು ಕಾಯುತ್ತ ಎರಡೂ ನಿಂತುಬಿಡುವ ಸ್ಥಿತಿ ಅದು. ವ್ಯಾಖ್ಯೆ ಓದಿದೆ. ಹಿಂದಿನ ಬೆಂಚು ಆಕಳಿಸಿತು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಇಬ್ಬರು ದಿನಾ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಬರ್ತಾರೆ. ಅವರು ಮೊದಲು ಮಾತಾಡಲಿ ಅಂತ ಇವರು, ಇವರು ಮಾತಾಡಲಿ ಅಂತ ಅವರು."

ತರಗತಿಗೆ ಎಚ್ಚರವಾಯಿತು. "ಅದು ನೀವು ಮತ್ತು ಕೆಮಿಸ್ಟ್ರಿಯ ಸಫಿಯಾ ಮೇಡಂ ಅಲ್ವಾ?" ಎಂದಳು ಮುಂದಿನ ಸಾಲಿನ ದೀಕ್ಷಾ. "ಆ ಬಸ್ಸಲ್ಲಿ ನಾನೂ ಇರ್ತೇನೆ."

"ಉದಾಹರಣೆಗೆ ಹೆಸರಿರುವುದಿಲ್ಲ," ಎಂದೆ.

"ಒಬ್ಬರು ತಿಂಡಿ ಆಯ್ತಾ ಕೇಳಿದ್ರೆ ಮುಗೀತಲ್ಲ ಮಾರಾಯ್ರೆ, ಇದಕ್ಕೊಂದು ಪಾಠ ಯಾಕೆ?" ಎಂದಿತು ಹಿಂದಿನ ಬೆಂಚು.

ಇಬ್ಬರಲ್ಲೊಬ್ಬರು ಹಿಡಿದದ್ದನ್ನು ಬಿಡಬೇಕು ಎಂಬ ಪರಿಹಾರವನ್ನು ಬರೆಸಿದೆ. ಯಾರು ಎಂದು ಪುಸ್ತಕ ಹೇಳುವುದಿಲ್ಲ. ಸಫಿಯಾ ಮೇಡಂ ರಜೆ ಹಾಕಿದ ದಿನ ನನಗೆ ಮೂಡುಬಿದಿರೆಯ ದಾರಿ ಉದ್ದವಾಗುತ್ತದೆ ಎಂಬುದನ್ನು ಬರೆಸಲಿಲ್ಲ.

ಮರುದಿನ ಬಸ್ಸಿನಲ್ಲಿ ಅವರು ಬಂದು ಪಕ್ಕ ಕೂತರು. ಸುದ್ದಿ ಕೆಮಿಸ್ಟ್ರಿ ಲ್ಯಾಬಿಗೂ ತಲುಪಿದ್ದು ಮುಖದಲ್ಲೇ ಕಾಣುತ್ತಿತ್ತು. ಇವತ್ತು ಮಾತಾಡಿಯೇ ಬಿಡುವ ಎಂದು ಬಾಯಿ ತೆರೆದೆ. ಅದೇ ಗಳಿಗೆಗೆ ಅವರೂ ತೆರೆದರು. ಇಬ್ಬರೂ ನಿಲ್ಲಿಸಿದೆವು.

"ನೀವು ಹೇಳಿ," ಎಂದೆ.

"ಇಲ್ಲ ಇಲ್ಲ, ನೀವೇ ಹೇಳಿ."

"ಛೆ, ನಿಮ್ಮದು ಮೊದಲು."

"ನನ್ನದೆಂಥದೂ ಇಲ್ಲ ಮೇಡಂ, ನೀವು ಹೇಳಿ."

ಈ ಮರ್ಯಾದೆ ಕಾಲೇಜಿರುವ ಮಿಜಾರಿನವರೆಗೂ ನಡೆಯಿತು. ಬಾಗಿಲಲ್ಲೂ ನೀವು ಮೊದಲು, ನೀವು ಮೊದಲು ಎಂದು ನಿಂತೆವು. "ಯಾರಾದ್ರೂ ಒಬ್ಬರು ಇಳಿಯಿರಿ ಮಾರಾಯ್ರೆ!" ಎಂದು ಕಂಡಕ್ಟರ್ ಕೂಗಿದ ಮೇಲೆ ಇಬ್ಬರೂ ಒಟ್ಟಿಗೇ ಇಳಿದು, ನಕ್ಕು, ಅವರು ಅವರ ಕಟ್ಟಡಕ್ಕೆ, ನಾನು ನನ್ನದಕ್ಕೆ ಹೋದೆವು.

ಇಬ್ಬರೂ ದಾರಿ ಬಿಟ್ಟುಕೊಡುತ್ತಲೇ ಇದ್ದು ಯಾರೂ ಮುಂದೆ ಹೋಗದ ಸ್ಥಿತಿಗೆ ನಮ್ಮಲ್ಲಿ ಲೈವ್‌ಲಾಕ್ ಎನ್ನುತ್ತಾರೆ. ಡೆಡ್‌ಲಾಕ್ ಆದ ಮೇಲೆ ಬರುವ ಪಾಠ ಅದು. ಸಿಲಬಸ್ಸಿನ ಪ್ರಕಾರ ನೋಡಿದರೆ ನಮ್ಮ ಸ್ನೇಹ ಒಂದು ಪಾಠ ಮುಂದೆ ಹೋಗಿದೆ.