ಅಕ್ಕನ ಪಿಟೀಲಿಗೆ ಮೈಕು ಹುಡುಕಿದ್ದು

ಬೇರೆಯವರ ಮನೆಗಳಲ್ಲಿ ನಗುವ ಪ್ರಸಂಗಗಳು ಮದುವೆಯಲ್ಲೋ ನಾಮಕರಣದಲ್ಲೋ ಆಗುತ್ತವೆ. ನಮ್ಮಲ್ಲಿ ಮಾತ್ರ ಅವು ಕಷ್ಟಕಾಲ ನೋಡಿಕೊಂಡೇ ಬರುವುದು. ಸರಿಯಾಗಿ ಬೇಸರ ಮಾಡಿಕೊಳ್ಳುವ ಎಂದು ಕೂತರೆ ಯಾರಾದರೂ ಬಂದು ಏನಾದರೂ ಒಂದು ಹೇಳಿ ಹೋಗುತ್ತಾರೆ, ಬೇಸರ ಅರ್ಧಕ್ಕೆ ನಿಲ್ಲುತ್ತದೆ. ಕೆಳಗಿನವೆಲ್ಲ ಅಂಥವೇ.

ನರಿಕೊಂಬು ಎಂಬ ಊರಿನ ನಮ್ಮ ಮನೆಯಲ್ಲಿ ಆಗ ಇದ್ದದ್ದು ನಾವಿಬ್ಬರೇ, ನಾನು ಮತ್ತು ಅಕ್ಕ. ನನ್ನ ಹೆಂಡತಿ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಹೋಗಿದ್ದಳು. ಅಕ್ಕನಿಗೆ ಮದುವೆಯೇ ಆಗಲಿಲ್ಲ. ಅವಳು ಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದಳು, ಊರಿಗೆಲ್ಲ ಟೀಚರ್. ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬಿನ ಅಟೆಂಡರ್. ಲೆನ್ಸು ಒರೆಸಿ, ವೈರು ಸುತ್ತಿ ಕಪಾಟಿನಲ್ಲಿ ಇಡುವುದು ನನ್ನ ಕೆಲಸ. ಆದರೆ ಕರೆಂಟಿಗೆ ಸಂಬಂಧಪಟ್ಟದ್ದೆಲ್ಲ ನನಗೆ ಗೊತ್ತುಂಟು ಎಂಬುದು ಅಕ್ಕನ ಗಟ್ಟಿ ನಂಬಿಕೆಯಾಗಿತ್ತು. ಆ ನಂಬಿಕೆಯಿಂದಲೇ ಇಷ್ಟೆಲ್ಲ ಆದದ್ದು.

ಎಲ್ಲಿ ನೋವು

ತೊಂಬತ್ತರ ದಶಕದ ಕೊನೆ ಇರಬೇಕು. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಎಡಗೈ ಬೆರಳುಗಳು ಬೆಳಿಗ್ಗೆ ಎದ್ದಾಗ ಬಿಡಿಸಲು ಬಾರದ ಹಾಗೆ ಮಡಚಿಕೊಂಡಿರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಒಂದೊಂದಾಗಿ ಬಿಡಿಸಬೇಕು. ಬೆಳ್ತಂಗಡಿಯಲ್ಲಿ ಕೀಲುನೋವಿಗೆ ಒಳ್ಳೆಯ ಡಾಕ್ಟರು ಇದ್ದಾರೆಂದು ಕೇಳಿ ಕರೆದುಕೊಂಡು ಹೋದೆ.

"ಯಾವ ಕೆಲಸ ಮಾಡುವಾಗ ನೋವು?" ಎಂದು ಡಾಕ್ಟರು ಕೇಳಿದರು.

"ಪಿಟೀಲು ಬಾರಿಸುವಾಗ."

"ಬಾರಿಸದಿದ್ದರೆ?"

"ಬಾರಿಸದಿದ್ದರೆ ಬೇರೆ ಕಡೆ ನೋವು ಡಾಕ್ಟ್ರೇ."

ಡಾಕ್ಟರು ತಲೆ ಎತ್ತಿ ನೋಡಿದರು. "ಎಲ್ಲಿ, ಸೊಂಟದಲ್ಲಾ?" ಎಂದು ಕೇಳಿ, ಅದಕ್ಕೂ ಒಂದು ಮಾತ್ರೆ ಬರೆದುಕೊಟ್ಟರು.

ಸೊಳ್ಳೆ

ಹೊರಡುವಾಗ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, "ಇದು ಗುಣ ಆಗುವ ಕಾಯಿಲೆ ಅಲ್ಲ. ಬೆರಳು ನಿಧಾನಕ್ಕೆ ಡೊಂಕಾಗ್ತಾ ಹೋಗ್ತದೆ. ಬಾರಿಸುವುದಿದ್ದರೆ ಈಗಲೇ ಬಾರಿಸಿಕೊಳ್ಳಲಿ" ಎಂದಿದ್ದರು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಅವಳ ಕೈ ನೋಡುತ್ತಿದ್ದೆ. ಅವಳ ಕೈ ನಿಲ್ಲುವ ಮೊದಲು ಅವಳು ಬಾರಿಸಿದ್ದನ್ನು ಎಲ್ಲಾದರೂ ಹಿಡಿದಿಡಬೇಕು ಎಂದು ಅಲ್ಲೇ ಅಂದುಕೊಂಡೆ.

ಮನೆಯಲ್ಲಿ ಹಳೆಯ ಟೇಪ್‌ರೆಕಾರ್ಡರ್ ಇತ್ತು. ಅದನ್ನು ಚಾಪೆಯ ಮೇಲಿಟ್ಟು, ಅದರೊಳಗಿನ ಮೈಕಿನಲ್ಲೇ ಮೋಹನ ರಾಗ ರೆಕಾರ್ಡ್ ಮಾಡಿದೆ. ಹಾಕಿ ಕೇಳಿದರೆ ಮೊದಲು ಮೋಟರು ತಿರುಗುವ ಸದ್ದು, ಅದರ ಹಿಂದೆ ಎಲ್ಲೋ ದೂರದಲ್ಲಿ ಗುಂಯ್ ಎಂದು ಏನೋ ಒಂದು.

ಅಕ್ಕ ಕೊನೆಯವರೆಗೂ ತಾಳ್ಮೆಯಿಂದ ಕೇಳಿದಳು. ಆಮೇಲೆ ಹೇಳಿದಳು: "ನಾನು ಸತ್ತ ಮೇಲೆ ಇದನ್ನು ಹಾಕಬೇಡ. ಬಂದವರು ಸೊಳ್ಳೆಬತ್ತಿ ಹುಡುಕ್ತಾರೆ."

ಬಾಯಿ

ಮೆಲ್ಕಾರಿನಲ್ಲಿ ಮದುವೆ, ಸಭೆಗಳಿಗೆ ಮೈಕು ಕಟ್ಟುವವರು ಒಬ್ಬರಿದ್ದರು. ಅವರ ಬಳಿ ಹೋಗಿ ಹೇಳಿದೆ. ಮರುದಿನವೇ ಐಸ್‌ಕ್ರೀಮ್ ಕೋನಿನಂಥ ಒಂದು ಸ್ಟೇಜ್ ಮೈಕು ಹಿಡಿದುಕೊಂಡು ಮನೆಗೆ ಬಂದರು.

"ಇದನ್ನು ಬಾಯಿಗೆ ತಾಗಿಸಿ ಹಿಡಿಯಬೇಕು. ದೂರ ಹೋದರೆ ಕೇಳುವುದಿಲ್ಲ" ಎಂದರು.

"ಮಾತಾಡಲಿಕ್ಕೆ ಅಲ್ಲ ಮಾರಾಯ್ರೆ, ಪಿಟೀಲಿಗೆ" ಎಂದೆ.

ಅವರು ಪಿಟೀಲನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಾಗಾದರೆ ಇದರ ಬಾಯಿ ಎಲ್ಲಿ?"

"ಇದಕ್ಕೆ ಹೊಟ್ಟೆ ಮಾತ್ರ ಇರುವುದು" ಎಂದಳು ಅಕ್ಕ. "ಬಾಯಿ ಇದ್ದಿದ್ದರೆ ನನ್ನ ಕೈ ಯಾಕೆ ಬೇಕಿತ್ತು?"

ಅವರು ಅಂದಾಜಿನ ಮೇಲೆ ಒಂದು ಕಡೆ ಇಟ್ಟು, ಸಾಲದ್ದಕ್ಕೆ ಎಕೋ ಬೇರೆ ಹಾಕಿದರು. ಬಾವಿಗೆ ಬಿದ್ದವರು ಪಿಟೀಲು ಬಾರಿಸಿ ಜನ ಕರೆಯುವ ಹಾಗೆ ಕೇಳಿತು.

ದಪ್ಪವೋ ತೆಳುವೋ

ಕೊನೆಗೆ ಮಂಗಳೂರಿನ ಒಂದು ಸ್ಟುಡಿಯೋದ ಇಂಜಿನಿಯರನ್ನು ಹುಡುಕಿಕೊಂಡು ಇಬ್ಬರೂ ಹೋದೆವು. ಅಲ್ಲಿಯೇ ರೆಕಾರ್ಡ್ ಮಾಡಿಸಬಹುದಿತ್ತು. ಆದರೆ ಅಕ್ಕನ ಬೆರಳು ಯಾವ ದಿನ, ಯಾವ ಹೊತ್ತಿಗೆ ಮಾತು ಕೇಳುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಮನೆಯಲ್ಲೇ ಆಗಬೇಕಿತ್ತು.

ಇಂಜಿನಿಯರು ಒಳ್ಳೆಯ ಮನುಷ್ಯ, ಕೂರಿಸಿ ವಿವರಿಸಿದರು. "ನಿಮಗೆ ಬೇಕಾದದ್ದು ಕಂಡೆನ್ಸರ್ ಮೈಕು. ಅದರೊಳಗೆ ತೆಳ್ಳಗಿನ ಒಂದು ಪೊರೆ ಇರ್ತದೆ. ಪೊರೆ ದೊಡ್ಡದಿರುವ ದಪ್ಪ ಮೈಕು ಸ್ವರವನ್ನು ಸ್ವಲ್ಪ ಚಂದ ಮಾಡಿ ಕೊಡ್ತದೆ, ಹಾಡುವವರಿಗೆ ಅದು ಇಷ್ಟ. ಪೊರೆ ಸಣ್ಣದಿರುವುದು ಪೆನ್ಸಿಲಿನ ಹಾಗೆ ತೆಳುವಾಗಿ ಇರ್ತದೆ. ಅದು ಚಂದ ಗಿಂದ ಮಾಡುವುದಿಲ್ಲ. ಕಮಾನು ತಂತಿಗೆ ತಾಗಿದ್ದು, ಬಿಟ್ಟದ್ದು, ಎಲ್ಲ ಇದ್ದದ್ದು ಇದ್ದ ಹಾಗೆ. ಪಿಟೀಲಿಗೆ ಅದೇ ಸರಿ."

ನನಗೆ ಆ ಮಾತು ಹಿಡಿಸಿತು. ಅಕ್ಕನನ್ನು ಹೊರಗೆ ಕರೆದು, "ಸಣ್ಣದನ್ನೇ ತೆಗೆದುಕೊಳ್ಳುವ" ಎಂದೆ.

"ಈ ಪ್ರಾಯದಲ್ಲಿ ನನಗೆ ಇದ್ದದ್ದು ಇದ್ದ ಹಾಗೆ ಹೇಳುವ ಮೈಕು ಯಾಕೆ?" ಎಂದಳು. "ಅದಕ್ಕೆ ಮನೆಯಲ್ಲಿ ನೀನಿದ್ದೀಯಲ್ಲ."

ಜೋಡಿ

ಆ ಕಾಲದಲ್ಲಿ ಅಂಥ ಮೈಕು ನಮ್ಮ ಕಡೆ ಸಿಗುತ್ತಿರಲಿಲ್ಲ. ಪಕ್ಕದ ಮನೆಯ ಹಾಜಿಯವರ ಮಗ ದುಬಾಯಿಯಲ್ಲಿದ್ದ. ಹಾಜಿಯವರೇ ಫೋನಿನಲ್ಲಿ ಅವನಿಗೆ, "ಟೀಚರಿಗೆ ಒಂದು ಮೈಕು ಬೇಕಂತೆ, ಪೆನ್ಸಿಲಿನ ಹಾಗೆ ಇರ್ತದಂತೆ" ಎಂದು ಕೂಗಿ ಕೂಗಿ ಹೇಳಿದರು. ಇಡೀ ಕೇರಿಗೆ ಗೊತ್ತಾಯಿತು.

ರಜೆಯಲ್ಲಿ ಬಂದವನು ಉದ್ದದ ಒಂದು ಪೆಟ್ಟಿಗೆ ತಂದುಕೊಟ್ಟ. ತೆರೆದರೆ ಒಳಗೆ ಸ್ಪಂಜಿನ ಮೇಲೆ ಎರಡು ತೆಳ್ಳಗಿನ ಮೈಕುಗಳು ಅಕ್ಕಪಕ್ಕ ಮಲಗಿದ್ದವು.

"ಒಂದೇ ಅಲ್ವಾ ಹೇಳಿದ್ದು?" ಎಂದೆ ನಾನು ಗಾಬರಿಯಾಗಿ.

"ಒಂದು ಕೇಳಿದ್ರೆ ಕೊಡ್ಲಿಲ್ಲ ಅಣ್ಣ. ಇದು ಜೋಡಿಯೇ ಬರುವುದಂತೆ. ಒಂದಕ್ಕೊಂದು ಸರಿಹೊಂದುವುದನ್ನು ಹುಡುಕಿ, ಪರೀಕ್ಷೆ ಮಾಡಿ ಒಟ್ಟಿಗೆ ಹಾಕ್ತಾರಂತೆ. ಬಿಡಿಸಿ ಮಾರುವುದಿಲ್ಲ."

ಅಕ್ಕ ಎರಡನ್ನೂ ಬಹಳ ಹೊತ್ತು ನೋಡಿದಳು. ಅವಳಿಗೆ ನೋಡಿದ ಗಂಡುಗಳ ಜಾತಕವೆಲ್ಲ ನಮ್ಮ ತಂದೆಯ ಕಾಲದಲ್ಲಿ ಬಂದು ಬಂದು ವಾಪಸು ಹೋಗಿದ್ದವು.

"ನೋಡು," ಎಂದಳು. "ಸರಿಯಾಗಿ ಹುಡುಕಿದರೆ ಮೈಕಿಗೂ ಸಿಗ್ತದೆ."

ಭೂತ

ಮೈಕು ಬಂತು, ಸದ್ದು ಬರಲಿಲ್ಲ. ಎಷ್ಟು ವೈರು ಬದಲಾಯಿಸಿದರೂ ಸತ್ತ ಹಾಗೆ ಇತ್ತು. ಮೆಲ್ಕಾರಿನ ಮೈಕಿನವರು ಮತ್ತೆ ಬಂದರು. ಈ ನಡುವೆ ಅವರೂ ಎಲ್ಲೋ ಕೇಳಿ ತಿಳಿದುಕೊಂಡಿದ್ದರು. "ಈ ಜಾತಿಯ ಮೈಕಿಗೆ ವೈರಿನಲ್ಲೇ ಕರೆಂಟು ಕಳಿಸಬೇಕು. ಅದಕ್ಕೆ ಫ್ಯಾಂಟಮ್ ಪವರ್ ಅಂತ ಹೆಸರು. ಫ್ಯಾಂಟಮ್ ಅಂದರೆ ಭೂತ. ಕಣ್ಣಿಗೆ ಕಾಣದೆ ಬರ್ತದಲ್ಲ, ಹಾಗೆ" ಎಂದು ಹೇಳಿ, ಆ ಕರೆಂಟು ಕೊಡುವ ಸಣ್ಣದೊಂದು ಮಿಕ್ಸರ್ ಜೋಡಿಸಿದರು. ಗುಂಡಿ ಒತ್ತಿದ್ದೇ ಮೈಕಿಗೆ ಜೀವ ಬಂತು.

ಅಡುಗೆಮನೆಯಲ್ಲಿ ಅಕ್ಕನಿಗೆ ಸಹಾಯಕ್ಕೆ ಬರುತ್ತಿದ್ದ ಹೆಂಗಸು ಬಾಗಿಲ ಸಂದಿನಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ತುಳುನಾಡಿನಲ್ಲಿ ಭೂತ ಎಂದರೆ ದೈವ, ತಮಾಷೆಯ ಮಾತಲ್ಲ. ಅದಕ್ಕೆ ಸ್ಥಾನ ಉಂಟು, ವರ್ಷಕ್ಕೊಮ್ಮೆ ನೇಮ ಎಂಬ ಉತ್ಸವ ಉಂಟು, ತಪ್ಪಿದರೆ ಕೇಳುವುದೂ ಉಂಟು. ಮರುದಿನ ಅವಳು ಪೊರಕೆ ಹಿಡಿದುಕೊಂಡು ಆ ಕೋಣೆಯ ಹೊಸ್ತಿಲಲ್ಲೇ ನಿಂತಳು.

"ಒಳಗೆ ಹೋಗುವುದಿಲ್ಲ ಅಕ್ಕ. ದುಬಾಯಿಯ ಭೂತ. ಇಲ್ಲಿಯ ಕ್ರಮ ಅದಕ್ಕೆ ಗೊತ್ತಿರ್ತದಾ?"

ಅಕ್ಕ ಗಂಭೀರವಾಗಿಯೇ ಉತ್ತರ ಕೊಟ್ಟಳು: "ಹೆದರಬೇಡ. ಕರೆಂಟು ಹೋದರೆ ಅದೂ ಹೋಗ್ತದೆ. ನಮ್ಮಲ್ಲಿ ಅದು ದಿನದಲ್ಲಿ ಅರ್ಧ ಹೊತ್ತು ಇರುವುದೇ ಇಲ್ಲ."

ಟಿಕ್

ಹಳೆಯ ಒಂದು ಕಂಪ್ಯೂಟರ್ ಹೇಗೋ ಹೊಂದಿಸಿಕೊಂಡು ರೆಕಾರ್ಡಿಂಗ್ ಶುರು ಮಾಡಿದೆವು. ಗೋಡೆಗೆಲ್ಲ ಕಂಬಳಿ ನೇತುಹಾಕಿದೆ. ಹೆಡ್‌ಫೋನಿನಲ್ಲಿ ಮೊದಲ ಸಲ ಕೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಅಡುಗೆಮನೆಯಿಂದಲೋ ಜಗಲಿಯಿಂದಲೋ ಕೇಳಿದ್ದ ಪಿಟೀಲು ಈಗ ಕಿವಿಯ ಒಳಗೇ ಇತ್ತು. ಇಂಜಿನಿಯರು ಹೇಳಿದ್ದು ಸುಳ್ಳಲ್ಲ.

ಆದರೆ ನಡುನಡುವೆ ಟಿಕ್, ಟಿಕ್ ಎಂದು ಸಣ್ಣ ಸದ್ದು. ವೈರಿನ ದೋಷ ಎಂದುಕೊಂಡು ವೈರು ಬದಲಾಯಿಸಿದೆ. ಜೋಡಿಯ ಇನ್ನೊಂದು ಮೈಕು ಹಾಕಿದೆ, ಅದರಲ್ಲೂ ಟಿಕ್. ಲ್ಯಾಬಿನಲ್ಲಿ ಕಂಡದ್ದನ್ನೆಲ್ಲ ನೆನಪು ಮಾಡಿಕೊಂಡು ಒಂದೊಂದೇ ಪ್ಲಗ್ಗು ಬಿಚ್ಚಿ ಉಜ್ಜಿ ಹಾಕಿದೆ. ಮತ್ತೆ ಕೂತು ಅಕ್ಕನ ಕೈಯನ್ನೇ ನೋಡುತ್ತಾ ಕೇಳಿದಾಗ ಗೊತ್ತಾಯಿತು. ಅವಳು ಕಿರುಬೆರಳು ಚಾಚಿದಾಗಲೆಲ್ಲ ಟಿಕ್. ಅದು ಅವಳ ಕೀಲಿನ ಸದ್ದು.

ನಾನು ಹೆಡ್‌ಫೋನ್ ತೆಗೆದೆ. "ಎಂತ ಆಯ್ತು?" ಎಂದು ಕೇಳಿದಳು.

"ಏನಿಲ್ಲ, ವೈರು ಸ್ವಲ್ಪ ಹಳತಾಗಿದೆ."

ಅವಳು ನನ್ನ ಮುಖ ನೋಡಿದಳು, ತನ್ನ ಕೈ ನೋಡಿಕೊಂಡಳು. ಪಿಟೀಲನ್ನು ಮತ್ತೆ ಎದೆಗೆ ಆನಿಸಿಕೊಳ್ಳುತ್ತಾ, "ಹೌದು, ಈ ವೈರು ಎಲ್ಲಿಯೂ ಸಿಗುವುದಿಲ್ಲ. ಇದರಲ್ಲೇ ಸುಧಾರಿಸು" ಎಂದಳು.

ಹಾರ್ನ್

ಮಾತ್ರೆ ನುಂಗಿ, ಬಿಸಿನೀರಿನಲ್ಲಿ ಕೈ ಅದ್ದಿ ಕೂತರೆ ಬೆಳಗಿನ ಕಾಫಿಯ ನಂತರ ಸ್ವಲ್ಪ ಹೊತ್ತು ಅಕ್ಕನ ಬೆರಳು ಸಡಿಲವಾಗುತ್ತಿತ್ತು. ಅಷ್ಟೇ ನಮಗೆ ಸಿಗುತ್ತಿದ್ದ ಸಮಯ. ಸರಿಯಾಗಿ ಅದೇ ಸಮಯಕ್ಕೆ ಊರವರೆಲ್ಲ ಕಾಕ ಎಂದು ಕರೆಯುವ ಮೀನು ಮಾರುವವರು ಹಳೆಯ ಮೊಪೆಡ್‌ನಲ್ಲಿ ಮೀನಿನ ಬುಟ್ಟಿ ಕಟ್ಟಿಕೊಂಡು ಬರುತ್ತಿದ್ದರು. ನಮ್ಮದು ಮೀನು ತಿನ್ನದ ಮನೆ. ಆದರೆ ಗೇಟಿನ ಎದುರೇ ರಸ್ತೆ ತಿರುಗುವುದರಿಂದ ಕಾಕ ಅಲ್ಲೇ ನಿಂತು, ರಬ್ಬರ್ ಉಂಡೆಯ ಹಾರ್ನನ್ನು ಒತ್ತುತ್ತಿದ್ದರು. ಪೋಂ! ಕಂಬಳಿ, ಬಾಗಿಲು ಯಾವುದಕ್ಕೂ ಅದು ಬಗ್ಗಲಿಲ್ಲ. ನಮ್ಮ ಪೆನ್ಸಿಲ್ ಮೈಕು ಅದನ್ನೂ ಇದ್ದದ್ದು ಇದ್ದ ಹಾಗೆ ಹಿಡಿಯಿತು. ಒಳ್ಳೆಯ ಕಲ್ಯಾಣಿ, ಒಳ್ಳೆಯ ತೋಡಿ, ಎಲ್ಲದರ ನಡುವೆ ಪೋಂ.

ಒಂದು ದಿನ ಹೊರಗೆ ಹೋಗಿ ಕಾಕನಿಗೆ ವಿಷಯ ಹೇಳಿದೆ. ಟೀಚರ ಕೈಯ ಸಂಗತಿ ಕೇಳಿ ಅವರ ಮುಖ ಸಣ್ಣದಾಯಿತು. ಮರುದಿನದಿಂದ ಎಂಜಿನ್ ಬಂದ್ ಮಾಡಿ, ಮೊಪೆಡ್ಡನ್ನು ತಳ್ಳಿಕೊಂಡು, ತುಟಿಗೆ ಬೆರಳಿಟ್ಟುಕೊಂಡು ನಮ್ಮ ಗೇಟು ದಾಟತೊಡಗಿದರು. ತಲೆಯ ಮೇಲೆ ಹಾರುವ ಕಾಗೆಗಳಿಗೂ ಶ್ಶ್ ಎನ್ನುತ್ತಿದ್ದರು.

ಆ ವಾರ ಮುಗಿಯುವ ಮೊದಲೇ ಕೇರಿಯ ಹೆಂಗಸರು ಗುಂಪಾಗಿ ಅಂಗಳಕ್ಕೆ ಬಂದರು. "ಟೀಚರ್, ಕಾಕ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ನಿಮ್ಮ ಸಂಗೀತದಿಂದ ನಮ್ಮ ಗಂಡಂದಿರು ಬಸಳೆಸೊಪ್ಪು ತಿಂದು ತಿಂದು ಸೋತಿದ್ದಾರೆ."

ಅಕ್ಕನೇ ತೀರ್ಮಾನ ಕೊಟ್ಟಳು. "ಅವರು ಹಾರ್ನ್ ಹೊಡೆಯಲಿ. ನಾನು ಹೊಂದಿಸಿಕೊಳ್ತೇನೆ."

ಅವಳು ಹೊಂದಿಸಿಕೊಂಡದ್ದು ಹೇಗೆಂದರೆ, ಒಂದು ಬೆಳಿಗ್ಗೆ ಎಲ್ಲಿಯೂ ತಡವರಿಸದೆ ಒಂದು ಪೂರ್ತಿ ಮಧ್ಯಮಾವತಿ ಬಾರಿಸಿದಳು. ಬೆರಳು ಒಮ್ಮೆಯೂ ಸದ್ದು ಮಾಡಲಿಲ್ಲ. ಕೊನೆಯ ಷಡ್ಜದಲ್ಲಿ ಕಮಾನು ಎಳೆದು ನಿಲ್ಲಿಸುವುದಕ್ಕೂ, ಹೊರಗೆ ಪೋಂ ಎನ್ನುವುದಕ್ಕೂ ಸರಿಹೋಯಿತು. ಅದೂ ಅದೇ ಷಡ್ಜದಲ್ಲಿ. ನಾನು ತಲೆಗೆ ಕೈಹೊತ್ತು ಕೂತೆ. ಅಕ್ಕ ಮಾತ್ರ, "ಇರಲಿ, ತೆಗೆಯಬೇಡ" ಎಂದಳು. ಅಷ್ಟು ಚೆನ್ನಾಗಿ ಅವಳು ಮತ್ತೆ ಯಾವತ್ತೂ ಬಾರಿಸಲಿಲ್ಲ.

ಸೀಡಿ ಮಾಡಿಸಿ ಶಿಷ್ಯರಿಗೆಲ್ಲ ಹಂಚಿದೆವು. ಮೂಡುಬಿದಿರೆಯ ಸಂಗೀತಪ್ರೇಮಿಯೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ಕೊನೆಯಲ್ಲಿ ಶಂಖ ಊದಿದ್ದು ಯಾರು? ಬಹಳ ಗಂಭೀರವಾಗಿ ಬಂದಿದೆ" ಎಂದು ಕೇಳಿದರು. ಇದನ್ನು ಕೇಳಿ ಕಾಕ ತಾವೂ ಒಂದು ಸೀಡಿ ಕೇಳಿ ತೆಗೆದುಕೊಂಡು ಹೋದರು.

ಮುಂದಿನ ಮಳೆಗಾಲಕ್ಕೆ ಅಕ್ಕನ ಬೆರಳುಗಳು ಪೂರ್ತಿ ಡೊಂಕಾದವು. ಪಿಟೀಲು ಪೆಟ್ಟಿಗೆ ಸೇರಿತು. ಮಕ್ಕಳು ಪಾಠಕ್ಕೆ ಬರುವುದು ನಿಂತಿತು. ಬೆಳಗಿನ ಹೊತ್ತು ಅಕ್ಕ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಆ ಮೌನ ನನ್ನಿಂದ ತಡೆಯಲಾಗುತ್ತಿರಲಿಲ್ಲ, ಬೇಗನೆ ಬಸ್ಸಿಗೆ ಹೊರಡುತ್ತಿದ್ದೆ. ಒಂದು ದಿನ ನಾನು ಹೊರಡುವಾಗಲೇ ಕಾಕ ಗೇಟಿನ ಹತ್ತಿರ ಮೊಪೆಡ್ ನಿಲ್ಲಿಸಿ ಒಳಗೆ ಇಣುಕಿದರು.

"ಟೀಚರ್, ಈಗ ಪಿಟೀಲು ಕೇಳುವುದೇ ಇಲ್ವಲ್ಲ?"

ಅಕ್ಕ ಕೈ ಎತ್ತಿ ತೋರಿಸಿದಳು. ಕಾಕ ಆ ಬೆರಳುಗಳನ್ನು ನೋಡಿ ತಲೆ ತಗ್ಗಿಸಿದರು. "ಹಾಗಾದ್ರೆ ನಾನು ಇನ್ನು ಇಲ್ಲಿ ಹಾರ್ನ್ ಹೊಡೆಯುವುದಿಲ್ಲ. ಮುಂದೆ ಹೋಗಿ ಹೊಡೀತೇನೆ. ಕೇಳಿದ್ರೆ ನಿಮಗೆ ಬೇಜಾರಾಗ್ತದೆ" ಎಂದರು.

"ಇಲ್ಲೇ ಹೊಡೆಯಿರಿ ಕಾಕ," ಎಂದಳು ಅಕ್ಕ. "ಇಬ್ಬರಲ್ಲಿ ಒಬ್ಬರಾದರೂ ಬಾರಿಸಬೇಕಲ್ಲ."

ಕಾಕ ಕಣ್ಣೊರೆಸಿಕೊಂಡು, ನಿಧಾನಕ್ಕೆ, ಬಹಳ ಮರ್ಯಾದೆಯಿಂದ ಉಂಡೆ ಒತ್ತಿದರು. ಅಕ್ಕ ಕಣ್ಣುಮುಚ್ಚಿ ಕೇಳಿದಳು. ಆಮೇಲೆ, ಶಿಷ್ಯರಿಗೆ ಹೇಳುತ್ತಿದ್ದ ಅದೇ ಸ್ವರದಲ್ಲಿ ಹೇಳಿದಳು:

"ಶ್ರುತಿ ಇಳಿದಿದೆ. ನಾಳೆ ಸರಿ ಮಾಡಿಕೊಂಡು ಬನ್ನಿ."