ನಮ್ಮ ಭಾವನ ಫುಟ್‌ಬಾಲ್ ಚರಿತ್ರೆ

ನಮ್ಮ ಭಾವ ಜೀವನದಲ್ಲಿ ಸೋಲನ್ನೇ ಕಾಣದ ಮನುಷ್ಯ. ಹಾಗೆಂದು ಅವರ ತಂಡ ಸೋತಿಲ್ಲವೆಂದು ತಿಳಿಯಬೇಡಿ. ಸೋತಿದೆ. ಒಂಬತ್ತು ವರ್ಷ, ಬಿಸಿಲು ಮಳೆ ಎನ್ನದೆ, ಆಕ್ಲೆಂಡಿನ ಒಂದು ಮೈದಾನವನ್ನೂ ಬಿಡದೆ ಸೋತಿದೆ. ಭಾವ ಅದನ್ನು ಕಾಣಲಿಲ್ಲ, ಅಷ್ಟೇ! ನೀವು ನಗುವುದಾದರೆ ಈಗಲೇ ನಕ್ಕುಬಿಡಿ. ನಮ್ಮ ಮೌಂಟ್ ಆಲ್ಬರ್ಟ್ ಬಡಾವಣೆಯ ಗೆಳತಿಯರೆಲ್ಲ ನಕ್ಕು ಸುಸ್ತಾದವರೇ. ನಾನೂ ನಕ್ಕವಳೇ. ಈಗ ಮಾತ್ರ ಯಾರಾದರೂ ಅವರ ಬಗ್ಗೆ ನಕ್ಕರೆ ನನಗೆ ಮೈ ಉರಿಯುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ, ಮೈಸೂರಿನವರು. ಈಸ್ಟ್ ತಮಾಕಿಯಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ವಾರಕ್ಕೆ ಐದು ದಿನ ಬೇರೆಯವರ ತಪ್ಪು ಹಿಡಿಯುವುದೇ ಅವರ ಉದ್ಯೋಗ. ಶನಿವಾರ ಮಾತ್ರ ಯಾರ ತಪ್ಪೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಏಕೆಂದರೆ ಶನಿವಾರ ಅವರು ಮನುಕಾವ್ ಕಡೆಯ ಒಂದು ಕಾಲೇಜಿನ ಫುಟ್‌ಬಾಲ್ ತಂಡದ ಮ್ಯಾನೇಜರ್. ನ್ಯೂಜಿಲೆಂಡಿನಲ್ಲಿ ಕಾಲೇಜು ಎಂದರೆ ನಮ್ಮ ಹೈಸ್ಕೂಲೇ. ಆ ಊರಲ್ಲಿ ಆಟವೆಂದರೆ ರಗ್ಬಿ. ರಗ್ಬಿಯವರಿಗೆ ಮುಂದಿನ ಸಮತಟ್ಟಾದ ಮೈದಾನ, ದೀಪ, ಗ್ಯಾಲರಿ. ಫುಟ್‌ಬಾಲಿನವರಿಗೆ ಹಿಂಭಾಗದ ಇಳಿಜಾರು. ಅಲ್ಲಿ ಚೆಂಡನ್ನು ಒದೆಯುವ ಅಗತ್ಯವೇ ಇರಲಿಲ್ಲ, ಇಟ್ಟರೆ ಸಾಕು, ತಾನೇ ಉರುಳಿ ನಮ್ಮ ಗೋಲಿನೊಳಗೆ ಹೋಗುತ್ತಿತ್ತು. ಮಧ್ಯಂತರದ ಬಳಿಕ ತಂಡಗಳು ಕಡೆ ಬದಲಿಸುತ್ತವಲ್ಲ, ಆಗೇನು ಎಂದು ಕೇಳುತ್ತೀರಾ? ಆಗ ಎದುರುಗಾಳಿ!

ಭಾವನಿಗೂ ಫುಟ್‌ಬಾಲಿಗೂ ಏನು ಸಂಬಂಧ? ಏನೂ ಇಲ್ಲ. ಎಲ್ಲ ಶುರುವಾದದ್ದು ಒಂದು ವಂದನಾರ್ಪಣೆಯಿಂದ. ಅವರ ಮಗ ಆ ಕಾಲೇಜಿಗೆ ಸೇರಿದ ವರ್ಷ ಫುಟ್‌ಬಾಲ್ ಆಡುತ್ತೇನೆಂದು ಹೆಸರು ಕೊಟ್ಟಿದ್ದ. ತಂದೆ ತಾಯಂದಿರ ಸಭೆ ಕರೆದರು. ಮೇಷ್ಟರೊಬ್ಬರು ಮಾತಾಡಿ, ಕೊನೆಗೆ "ತಂಡಕ್ಕೊಬ್ಬರು ಮ್ಯಾನೇಜರ್ ಬೇಕು, ಯಾರಾದರೂ ಇದ್ದೀರಾ?" ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಬೂಟು ನೋಡತೊಡಗಿದರು. ಹಾಗೇ ಸಭೆ ಮುಗಿಯುವ ಹಂತಕ್ಕೆ ಬಂತು. ಇಷ್ಟು ಹೊತ್ತು ಮಾತಾಡಿದವರಿಗೆ ಒಂದು ಥ್ಯಾಂಕ್ಸ್ ಹೇಳುವವರೂ ಗತಿಯಿಲ್ಲವೇ! ನಮ್ಮ ಭಾವ ಮೈಸೂರಿನಲ್ಲಿ ಗಣೇಶೋತ್ಸವ ಸಮಿತಿಯ ಖಾಯಂ ವಂದನಾರ್ಪಣೆಗಾರರು. ತಡೆಯಲಾರದೆ ಎದ್ದು ನಿಂತರು. ಅವರು ಬಾಯಿ ತೆರೆಯುವ ಮೊದಲೇ ಚಪ್ಪಾಳೆ ಬಿತ್ತು. ಕೂರುವಷ್ಟರಲ್ಲಿ ಕೈಗೆ ಸೀಟಿ, ಚೆಂಡಿನ ಚೀಲ, ಹದಿನೈದು ಹಸಿರು ಜರ್ಸಿ ಬಂದಿದ್ದವು.

ಮಗ ಆರು ವಾರ ಆಡಿ ಬಿಟ್ಟ. ಅಪ್ಪ ಒಂಬತ್ತು ವರ್ಷ ಬಿಡಲಿಲ್ಲ!

"ಡ್ಯಾಡ್, ಯು ಕ್ಯಾನ್ ಸ್ಟಾಪ್ ನೌ," ಎಂದು ಮಗ ಎಷ್ಟೋ ಸಲ ಹೇಳಿದ. "ಅರ್ಧದಲ್ಲಿ ಬಿಟ್ಟು ಬರಕ್ಕೆ ನಾನೇನು ನೀನೇನೋ?" ಎನ್ನುತ್ತಿದ್ದರು ಭಾವ. ಅಕ್ಕನ ಗೋಳು ಬೇರೆ. ಕೆಸರು ಮೆತ್ತಿದ ಹದಿನೈದು ಜರ್ಸಿ ಪ್ರತಿ ಭಾನುವಾರ ಅವಳ ವಾಷಿಂಗ್ ಮೆಷಿನ್ನಿಗೆ ಬರುತ್ತಿದ್ದವು. "ರೀ, ಹೋದ್ ವಾರಾನೂ ಸೋತ್ರಿ, ಈ ವಾರಾನೂ ಸೋತ್ರಿ. ಸೋಲೋದಕ್ಕೆ ಇಷ್ಟ್ ಕ್ಲೀನಾಗ್ ಯಾಕ್ರೀ ಹೋಗ್ಬೇಕು?" ಎಂದು ರೇಗುತ್ತಲೇ ಅವಳು ಜರ್ಸಿಗಳಿಗೆ ಇಸ್ತ್ರಿಯನ್ನೂ ಹಾಕುತ್ತಿದ್ದಳು.

ಭಾವನ ಬಳಿ ಒಂದು ದಪ್ಪ ರಿಜಿಸ್ಟರ್ ಇತ್ತು. ಪ್ರತಿ ಪಂದ್ಯದ ಚರಿತ್ರೆಯೂ ಅದರಲ್ಲಿ. ಎಡಗಡೆ 'ಫಲಿತಾಂಶ', ಬಲಗಡೆ 'ಸಾಧನೆ'. ಫಲಿತಾಂಶದ ಕಡೆ ಅಂಕಿ ಮಾತ್ರ, ಅದನ್ನು ಆದಷ್ಟು ಸಣ್ಣಗೆ ಬರೆಯುತ್ತಿದ್ದರು. ಸಾಧನೆಯ ಕಡೆ ಪುಟ ಸಾಲುತ್ತಿರಲಿಲ್ಲ. "ಎಂಟು ಗೋಲು ಬಿದ್ದರೂ ಯಾರೂ ಒಬ್ಬರನ್ನೊಬ್ಬರು ಬೈಯಲಿಲ್ಲ." "ಎದುರಾಳಿಗಳು ಎರಡನೇ ಅರ್ಧದಲ್ಲಿ ತಮ್ಮ ಒಳ್ಳೆಯ ಆಟಗಾರರನ್ನು ಹೊರಗೆ ಕೂರಿಸಿದರು. ನಮ್ಮವರು ಕೂರಿಸಲಿಲ್ಲ." ನಾನು ಅದನ್ನು ಓದಿ, "ಭಾವ, ಕೂರಿಸೋಕೆ ನಿಮ್ಹತ್ರ ಒಳ್ಳೆ ಆಟಗಾರ್ರು ಯಾರಿದ್ರು?" ಎಂದೆ. ಭಾವ ನನ್ನನ್ನು ಸೋರುವ ಪಂಪನ್ನು ನೋಡುವ ಹಾಗೆ ನೋಡಿದರು.

ಒಮ್ಮೆ ಅವರಿಗೆ ಗೆಲುವು ಬಾಗಿಲಿಗೇ ಬಂದಿತ್ತು. ಎದುರಾಳಿಗಳ ವ್ಯಾನು ದಾರಿಯಲ್ಲಿ ಕೆಟ್ಟು ಆರೇ ಜನ ಬಂದರು. ಏಳು ಜನರಾದರೂ ಇಲ್ಲದಿದ್ದರೆ ನಿಯಮದ ಪ್ರಕಾರ ಆಡದೆಯೇ ನಮಗೆ ಗೆಲುವು. ರೆಫರಿ ಪೆನ್ನು ತೆಗೆದಿದ್ದಾನೆ, ಬರೆದರೆ ಮುಗಿಯಿತು. ಭಾವ ಬಿಡಬೇಕಲ್ಲ! "ಬಂದ ನೆಂಟರನ್ನ ಬಾಗಿಲಿಂದ್ಲೇ ಕಳಿಸ್ತಾರೇನ್ರೀ?" ಎಂದು ರೆಫರಿಗೆ ಇಂಗ್ಲಿಷಿನಲ್ಲಿ ತಿಳಿಯಹೇಳಿ, ನಮ್ಮ ಹದಿನಾಲ್ಕು ಜನರಲ್ಲಿ ಮೂವರನ್ನು ಅವರಿಗೆ ಕೊಟ್ಟು ಆಟ ಆಡಿಸಿದರು. ನಾವು ಎರಡಕ್ಕೆ ನಾಲ್ಕರಿಂದ ಸೋತೆವು. ಆ ನಾಲ್ಕರಲ್ಲಿ ಮೂರನ್ನು ಹೊಡೆದವರು ನಾವು ಕೊಟ್ಟ ಹುಡುಗರೇ! ಅಂದಿನ ರಿಜಿಸ್ಟರಿನ ಬಲಗಡೆ ಹೀಗಿದೆ: "ಇಂದು ಬಿದ್ದ ಆರು ಗೋಲುಗಳಲ್ಲಿ ಐದು ನಮ್ಮ ಹುಡುಗರದೇ. ಹೊಸ ದಾಖಲೆ."

ಇನ್ನು ಸನ್ಮಾನದ ಕಥೆ. ಇಲ್ಲಿ ಋತುವಿನ ಕೊನೆಗೆ ಎಲ್ಲ ತಂಡಗಳಿಗೂ ಒಂದು ಪುಟ್ಟ ಕೂಟ ಮಾಡಿ, ಒಬ್ಬ ಆಟಗಾರನಿಗೆ ಸರ್ಟಿಫಿಕೇಟು ಕೊಟ್ಟು, ಸಾಸೇಜು ಬ್ರೆಡ್ಡು ತಿಂದು ಮನೆಗೆ ಹೋಗುತ್ತಾರೆ. ಹತ್ತು ನಿಮಿಷದ ಕೆಲಸ. ಭಾವನಿಗೆ ಅದು ಸರಿಬರಲಿಲ್ಲ. ಸಾಧಕರಿಗೆ ಹೀಗೆ ಕಾಗದ ಹಿಡಿಸಿ ಕಳಿಸುತ್ತಾರೆಯೇ? ಶಾಲು ಬೇಡವೇ, ಹಾರ ಬೇಡವೇ, ಫಲತಾಂಬೂಲ ಬೇಡವೇ! ಒಂದು ವರ್ಷ ಅವರು ಆರಿಸಿದ್ದು ಗೋಲ್‌ಕೀಪರ್ ಸಿಯೋನೆಯನ್ನು. ಬಾಗಿಲು ತುಂಬುವಂಥ ಟೋಂಗಾದ ಹುಡುಗ. ಇಡೀ ಲೀಗಿನಲ್ಲಿ ಅತಿ ಹೆಚ್ಚು ಗೋಲು ಬಿಟ್ಟವನು. ಭಾವ ಸನ್ಮಾನಪತ್ರ ಓದಿದರು: "ಈ ಋತುವಿನಲ್ಲಿ ಬೇರೆ ಯಾವ ಗೋಲ್‌ಕೀಪರನೂ ಎದುರಿಸದಷ್ಟು ಹೊಡೆತಗಳನ್ನು ಎದುರಿಸಿ, ಮರುವಾರ ತಪ್ಪದೆ ಮತ್ತೆ ಬಂದು ನಿಂತ ಧೀರ!" ಹೊದಿಸಿದ ಶಾಲು ಅಕ್ಕನ ಪೆಟ್ಟಿಗೆಯದು. ರಗ್ಬಿ ಹುಡುಗರು ಮೂಲೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಸಿಯೋನೆಯ ಅಜ್ಜಿ ನಗಲಿಲ್ಲ. ಎದ್ದು ಬಂದು ಭಾವನ ಎರಡೂ ಕೈ ಹಿಡಿದು ಅತ್ತೇಬಿಟ್ಟರು. ಮುಂದೆ ಪ್ರತಿ ಭಾನುವಾರ ಚರ್ಚಿಗೆ ಅದೇ ಶಾಲು ಹೊದ್ದು ಹೋಗುತ್ತಿದ್ದರಂತೆ.

ಹೀಗಿರುವಾಗ ಕಾಲೇಜಿಗೆ ಐವತ್ತು ತುಂಬಿತು. ಜ್ಯೂಬಿಲಿ ಪುಸ್ತಕ ಬರುತ್ತದೆಂದು ಸುದ್ದಿಯಾಯಿತು. ರಗ್ಬಿಗೆ ಹದಿನಾಲ್ಕು ಪುಟ. ನೆಟ್‌ಬಾಲಿಗೆ ಆರು. ಕ್ರಿಕೆಟ್ಟು, ರೋಯಿಂಗು, ಕೊನೆಗೆ ಚೆಸ್ಸಿಗೂ ಒಂದು ಪುಟ! ಫುಟ್‌ಬಾಲಿಗೆ?

"ನೀವು ಏನಾದರೂ ಗೆದ್ದಿದ್ದರೆ ಹಾಕಬಹುದಿತ್ತು," ಎಂದರು ಸಮಿತಿಯ ಅಧ್ಯಕ್ಷರು, ಸೌಜನ್ಯದಿಂದಲೇ. ಹಿಂದೊಮ್ಮೆ ಆ ಕಾಲೇಜಿನ ರಗ್ಬಿ ಕ್ಯಾಪ್ಟನ್ ಆಗಿದ್ದ ಆಜಾನುಬಾಹು. "ಕಪ್ ಇದೆಯೇ? ಶೀಲ್ಡ್?"

"ಕಪ್ ಇಲ್ಲ. ಟೀಮ್ ಇದೆ," ಎಂದರು ಭಾವ. "ಐವತ್ತು ವರ್ಷದಿಂದ ಇದೆ. ಒಂದು ವರ್ಷವೂ ನಿಂತಿಲ್ಲ. ಗೆಲ್ಲುವವರು ಆಟ ಮುಂದುವರಿಸುವುದರಲ್ಲಿ ಏನು ಹೆಚ್ಚುಗಾರಿಕೆ ಸರ್?"

ಅಧ್ಯಕ್ಷರು ನಕ್ಕು ಭಾವನ ಕೈ ಕುಲುಕಿದರು. ಪುಟ ಮಾತ್ರ ಕೊಡಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಭಾವನ ಯುದ್ಧ. ಇ-ಮೇಲ್ ತೆರೆಯಲು ಫೋನಿನ ವೈರು ಕೀಳಬೇಕಿದ್ದ ಕಾಲ ಅದು. ಅಕ್ಕನ ಮನೆಗೆ ಯಾವಾಗ ಫೋನ್ ಮಾಡಿದರೂ ಎಂಗೇಜ್! ಭಾವ ಪತ್ರ ಬರೆದರು, ಖುದ್ದಾಗಿ ಹೋದರು, ಮತ್ತೆ ಪತ್ರ ಬರೆದರು. ಜೊತೆಗೇ ಚರಿತ್ರೆಯನ್ನೂ ಹುಡುಕಿದರು. ಮೊದಲ ತಂಡ ಕಟ್ಟಿದವರು ಡಚ್ ಮೂಲದ ಮರಗೆಲಸದ ಮೇಷ್ಟರಂತೆ. ಕಾಲೇಜು ಗೋಲುಕಂಬ ಕೊಡಿಸದಿದ್ದಾಗ ಹುಡುಗರನ್ನು ಕೂಡಿಸಿಕೊಂಡು ಕ್ಲಾಸಿನಲ್ಲೇ ಕಂಬ ಕಡೆದು ನಿಲ್ಲಿಸಿದರಂತೆ. ಇದನ್ನು ಹೇಳುವಾಗ ಭಾವನ ದನಿ ಏರುತ್ತಿತ್ತು. "ನೋಡಮ್ಮ, ಮೊದ್ಲಿಂದ್ಲೂ ನಮ್ಗೆ ಯಾರೂ ಏನೂ ಕೊಟ್ಟಿಲ್ಲ. ನಾವೇ ಮಾಡ್ಕೊಂಡಿದೀವಿ!" ಯಾವ 'ನಾವು'? ಇವರು ಈ ದೇಶಕ್ಕೆ ಬಂದದ್ದೇ ಮೊನ್ನೆ ಮೊನ್ನೆ. ಆದರೆ ಆ 'ನಾವು' ಎನ್ನುವುದನ್ನು ತಿದ್ದುವ ಧೈರ್ಯ ನನಗಾಗಲಿಲ್ಲ.

ಕೊನೆಗೆ ಸಮಿತಿ ಸೋತಿತು. ರಗ್ಬಿಯ ಹದಿನಾಲ್ಕನೇ ಪುಟದ ಅಡಿಯಲ್ಲಿ ಫುಟ್‌ಬಾಲಿಗೆ ಹತ್ತು ಸಾಲು. ಒಂದಕ್ಷರ ಹೆಚ್ಚಿಲ್ಲ.

ಭಾವ ಬರೆದಿಟ್ಟಿದ್ದದ್ದು ಎಂಬತ್ತು ಪುಟ! ನಾಲ್ಕಕ್ಷರ ಬಲ್ಲವಳೆಂದು ನನ್ನನ್ನು ಕರೆಸಿದರು. ನಾನು, ಅಕ್ಕ, ಭಾವ ಊಟದ ಮೇಜಿನ ಸುತ್ತ ಕೂತೆವು. ಸಿಯೋನೆಯ ಸನ್ಮಾನ ಹಾಕೋಣ ಎಂದೆ ನಾನು. ವ್ಯಾನಿನ ಕಥೆ ಹಾಕಿ ಎಂದಳು ಅಕ್ಕ. ಭಾವ ಎರಡಕ್ಕೂ ತಲೆಯಾಡಿಸಿ ಬೇಡವೆಂದರು.

"ಮೊದಲ್ನೇ ಸಾಲು ಮರಗೆಲಸದ ಮೇಷ್ಟ್ರಿಗೆ. ಮಿಕ್ಕಿದ್ದೆಲ್ಲಾ ಹುಡುಗ್ರ ಹೆಸ್ರು. ನಾನ್ ಕಣ್ಣಾರೆ ಕಂಡ ಒಂಬತ್ತು ವರ್ಷದ್ದು. ಒಬ್ರೂ ಬಿಡ್ಬಾರ್ದು."

"ಬರೀ ಹೆಸ್ರಾ? ಯಾರ್ ಓದ್ತಾರೆ ಭಾವ ಅದನ್ನ?"

"ಅವ್ರಮ್ಮಂದಿರು ಓದ್ತಾರೆ," ಎಂದರು. ನಾನು ಪೆನ್ನು ಕೈಗೆತ್ತಿಕೊಂಡೆ.

ಹೆಸರಿನ ಸ್ಪೆಲ್ಲಿಂಗ್ ಒಂದೂ ತಪ್ಪಬಾರದೆಂದು ಭಾವ ಮೂರು ವಾರ ಊರೂರು ಸುತ್ತಿದರು. ಒಬ್ಬ ಡೈರಿಯಲ್ಲಿ, ಅಂದರೆ ಇಲ್ಲಿನ ಬೀದಿಮೂಲೆಯ ಅಂಗಡಿಯಲ್ಲಿ, ಹಾಲು ಬ್ರೆಡ್ಡು ಮಾರುತ್ತಿದ್ದ. ಒಬ್ಬ ಯೂಟ್ ಎನ್ನುವ ತನ್ನ ಪಿಕಪ್ ಗಾಡಿಯ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದವನು ಅಲ್ಲಿಂದಲೇ "ಅಂಕಲ್, ನಾವು ಯಾವತ್ತಾದರೂ ಗೆದ್ದಿದ್ದೇವಾ?" ಎಂದು ಕೇಳಿದನಂತೆ. "ನಿನ್ನ ಹೆಸರಲ್ಲಿ ಎರಡು ಎಲ್ ಇದೆಯೋ ಒಂದೋ, ಅದನ್ನು ಹೇಳು," ಎಂದರಂತೆ ಭಾವ.

ಅಂತೂ ಹತ್ತು ಸಾಲು ಭರ್ತಿಯಾಯಿತು. ಕೊನೆಯ ಸಾಲಿನ ತುದಿಯಲ್ಲಿ 'ಮ್ಯಾನೇಜರ್' ಎಂದು ಭಾವನ ಹೆಸರು. ಅದನ್ನು ನಾನೇ ಹಟ ಹಿಡಿದು ಹಾಕಿಸಿದ್ದೆ. ಅವರು ಸಂಕೋಚದಿಂದ ಬೇಡ ಬೇಡ ಎಂದರೂ, ಸಮಿತಿಗೆ ಕಳಿಸುವ ಮುನ್ನ ಆ ಸಾಲನ್ನು ಮೂರು ಸಲ ಓದಿಕೊಂಡದ್ದನ್ನು ನಾನು ನೋಡಿದ್ದೇನೆ.

ಪುಸ್ತಕ ಅಚ್ಚಿಗೆ ಹೋಗುವ ದಿನ ಬೆಳಿಗ್ಗೆ ನಾನು ಅಕ್ಕನ ಮನೆಯಲ್ಲೇ ಇದ್ದೆ. ಭಾವ ಎದೆ ಹಿಡಿದುಕೊಂಡು ಕೂತುಬಿಟ್ಟರು. ಅಕ್ಕ ಹಾರ್ಟ್ ಅಟ್ಯಾಕ್ ಎಂದೇ ಹೆದರಿದಳು. ವಿಷಯ ಅದಲ್ಲ. ಇಮ್ತಿಯಾಜ್ ಬಿಟ್ಟುಹೋಗಿದ್ದ! ನಮ್ಮ ಬಿಜಾಪುರದ ಕಡೆಯವರ ಹುಡುಗ. ಸೇರಿದ ಮೊದಲ ವಾರವೇ ಕಾಲು ಮುರಿದುಕೊಂಡು, ಇಡೀ ಋತು ಬೆಂಚಿನ ಮೇಲೆ ಕೂತು ಕಳೆದವನು. ಒಂದು ನಿಮಿಷವೂ ಆಡಿದವನಲ್ಲ. ಒಂದು ಶನಿವಾರವೂ ತಪ್ಪಿಸಿದವನಲ್ಲ. ಆಡದಿದ್ದರಿಂದ ರಿಜಿಸ್ಟರಿನ ಆಟಗಾರರ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ.

ಭಾವ ಸಮಿತಿಗೆ ಫೋನ್ ಹಚ್ಚಿದರು. ಅಲ್ಲಿನ ಹೆಂಗಸು ಹೇಳಿದ್ದು ನನಗೂ ಕೇಳಿಸಿತು. ಹೊಸ ಹೆಸರು ಹಾಕಬೇಕಾದರೆ ಒಂದು ಹೆಸರು ತೆಗೆಯಬೇಕು, ಹತ್ತು ಸಾಲು ದಾಟುವಂತಿಲ್ಲ. ಭಾವ ಫೋನನ್ನು ಎತ್ತಿಕೊಂಡು ವರಾಂಡಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಎರಡೇ ಮಾತು. ಒಳಗೆ ಬಂದು, "ಆಯ್ತು, ಅಡ್ಜಸ್ಟ್ ಮಾಡಿದ್ರು," ಎಂದು ಕಾಫಿ ಕೇಳಿದರು.

ತಿಂಗಳ ಮೇಲೆ ಪುಸ್ತಕ ಬಂದಿದೆಯೆಂದು ತಿಳಿದು ನಾನು ಅಕ್ಕನ ಮನೆಗೆ ಓಡಿದೆ. ಭಾವ ಕೆಲಸಕ್ಕೆ ಹೋಗಿದ್ದರು. ಹಜಾರದ ಮೇಜಿನ ಮೇಲೆ ಪುಸ್ತಕ. ನೇರ ರಗ್ಬಿಯ ಕೊನೆ ಪುಟ ತೆಗೆದೆ. ಮರಗೆಲಸದ ಮೇಷ್ಟರಿದ್ದರು. ಸಿಯೋನೆ ಇದ್ದ. ಯೂಟ್ ಗಾಡಿಯವನು ಎರಡು ಎಲ್ ಸಮೇತ ಇದ್ದ. ಹತ್ತನೇ ಸಾಲಿನ ತುದಿಯಲ್ಲಿ, ನಾನು ಹಟ ಮಾಡಿ ಹಾಕಿಸಿದ್ದ ಜಾಗದಲ್ಲಿ, ಇಮ್ತಿಯಾಜ್ ಇದ್ದ. ಭಾವ ಇರಲಿಲ್ಲ.

ನನಗೆ ಎಷ್ಟು ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರೇ ಬಂತು. ಒಂಬತ್ತು ವರ್ಷ ಆ ಇಳಿಜಾರಿನ ಕೆಸರಲ್ಲಿ ನಿಂತ ಮನುಷ್ಯನಿಗೆ ಒಂದು ಮೂಲೆಯೂ ಇಲ್ಲವೇ! ನಾನೇ ಬರೆಯುತ್ತೇನೆಂದು ಪೆನ್ನಿಗಾಗಿ ಕೈಚೀಲ ತಡಕಾಡಿದೆ. ಪೆನ್ನು ಸಿಕ್ಕಿತು. ಆದರೆ ಕಣ್ಣೊರೆಸಿಕೊಂಡು ನೋಡಿದರೆ ಹತ್ತನೇ ಸಾಲಿನ ಕೆಳಗೆ ಆಗಲೇ ಏನೋ ಬರೆದಿತ್ತು. ನೀಲಿ ಬಾಲ್‌ಪೆನ್ನು, ಗುಂಡಗಿನ ಕನ್ನಡ ಅಕ್ಷರ. ಭಾವನ ಪೂರ್ತಿ ಹೆಸರು, ಊರಿನ ಇನಿಷಿಯಲ್ ಸಮೇತ.

ಅದು ಅಕ್ಕನ ಅಕ್ಷರ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಹೇಳದ ಅಕ್ಕ. ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದರೂ ನನ್ನ ಮೊಣಕೈ ತಿವಿದು "ನೀನೇ ಹೇಳೇ" ಎನ್ನುವ ನನ್ನ ಅಕ್ಕ.

ತಿರುಗಿ ನೋಡಿದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು. ಗದ್ದ ಮೇಲೆತ್ತಿ, ಜಗಳಕ್ಕೆ ಬಂದವಳ ಹಾಗೆ ಹೇಳಿದಳು:

"ಹತ್ತು ಸಾಲು ಅವ್ರು ಕೊಟ್ಟಿದ್ದು. ಹನ್ನೊಂದನೇದು ನಂದು."