ಅಪ್ಪನ ಕೈಗೆ ಸಿಗದ ನನ್ನ ಕೆಲಸ

ಗಣಿತ ಓದಿದವನನ್ನು ಲೋಕ ಸುಮ್ಮನೆ ಬಿಡುವುದಿಲ್ಲ. ಒಂದು ಪೆಟ್ಟು ಮರೆಯುವಷ್ಟರಲ್ಲಿ ಇನ್ನೊಂದು ತಯಾರಾಗಿರುತ್ತದೆ. ಸಂಭವನೀಯತೆಯಲ್ಲಿ ಪಿಎಚ್‌ಡಿ ಮಾಡಿ, ತೊಂಬತ್ತರ ದಶಕದಲ್ಲಿ ಇಂದಿರಾನಗರದ ಒಂದು ಕಂಪನಿಯ ಸಂಶೋಧನಾ ವಿಭಾಗ ಸೇರಿದೆ. ಅಂಕಿಅಂಶಗಳ ರಾಶಿಯಿಂದ ಅರ್ಥ ತೆಗೆಯುವುದು ಕೆಲಸ. ಆಗ ಅದನ್ನು ಸ್ಟ್ಯಾಟಿಸ್ಟಿಕ್ಸ್ ಅನ್ನುತ್ತಿದ್ದರು, ಆಮೇಲೆ ಡೇಟಾ ಮೈನಿಂಗ್ ಆಯಿತು, ಆಮೇಲೆ ಅನಾಲಿಟಿಕ್ಸ್, ಈಗ ಡೇಟಾ ಸೈನ್ಸ್. ಹೆಸರು ಬದಲಾದಾಗಲೆಲ್ಲ ವಿಸಿಟಿಂಗ್ ಕಾರ್ಡ್ ಹೊಸದಾಯಿತು, ಪಡಿಪಾಟಲು ಮಾತ್ರ ಹಳೆಯದೇ.

೧. ತೋರ್ಸು

ನಮ್ಮಪ್ಪ ವಿಮಾನ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಲೇತ್ ಮೆಷಿನ್ ನಡೆಸಿದವರು. ಅವರು ನಿವೃತ್ತರಾದ ದಿನ ಹನ್ನೊಂದು ಜನರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಹಾರ ಹಾಕಿದರು. ಫೋಟೊ ತೆಗೆದವನು ನಾನೇ. ಆಮೇಲೂ ಅವರು ವಿಮಾನಪುರ ಬಿಟ್ಟು ಕದಲಲಿಲ್ಲ. ಕಾರ್ಖಾನೆಯ ಸೈರನ್ ಕೇಳದೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ.

ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗಲೇ ಪ್ರಶ್ನೆ ಬರುತ್ತಿತ್ತು.

"ಇವತ್ತು ಏನ್ ಮಾಡ್ದೆ?"

"ಒಂದು ಮಾಡೆಲ್ ಮಾಡ್ದೆ ಅಪ್ಪಾ."

"ತೋರ್ಸು."

"ತೋರ್ಸಕ್ಕಾಗಲ್ಲ. ಅದು ಸಮೀಕರಣ."

"ಕೈಗೆ ಸಿಗ್ದೇ ಇರೋದನ್ನ ಸರಿಯಾಗಿದ್ಯೋ ಇಲ್ವೋ ಅಂತ ಹೆಂಗೆ ನೋಡ್ತಾರೆ? ನಾನು ಒಂದು ಬುಷ್ಷು, ಅದೇ ಲೋಹದ ಬಳೆ, ಮಾಡಿದ್ರೆ ಅಳತೆಯ ಗೇಜ್ ಹಾಕಿ ನೋಡ್ತಿದ್ರು. ಕೂತ್ರೆ ಕೂತ್ಕೊಳ್ತು, ಇಲ್ದಿದ್ರೆ ಗುಜರಿ."

ಮಾರನೇ ದಿನ ಮೂರು ತಿಂಗಳ ದುಡಿಮೆಯ ಪ್ರಿಂಟ್‌ಔಟನ್ನೆಲ್ಲ ಹೊತ್ತು ತಂದು ಅವರ ಮುಂದಿಟ್ಟೆ. ಅಪ್ಪ ಎರಡು ಹಾಳೆ ತಿರುವಿ ಅಮ್ಮನಿಗೆ ಕೊಟ್ಟರು. ಅಮ್ಮ ಅವನ್ನು ಅಡುಗೆಮನೆಯ ಶೆಲ್ಫಿಗೆ ನೀಟಾಗಿ ಹಾಸಿ, ಮೇಲೆ ಡಬ್ಬಿ ಜೋಡಿಸಿ, "ಒಳ್ಳೆ ಕೆಲ್ಸ ಕಣೋ ನಿಂದು, ಹಾಳೆ ದಪ್ಪ ಇದೆ" ಅಂದಳು.

೨. ನಾಲ್ಕೇ ಜನ

ಒಮ್ಮೆ ಕೆ.ಆರ್. ಪುರದ ಕಡೆ ಮನೆಮನೆ ಸಮೀಕ್ಷೆ ನಡೆಯಿತು. ಕಲಬುರಗಿ, ರಾಯಚೂರಿನ ಕಡೆಯಿಂದ ಬಂದವರು ಸಾಲುಕೋಣೆಗಳಲ್ಲಿ ಬಾಡಿಗೆಗಿದ್ದ ಜಾಗ. ನಮ್ಮ ಹುಡುಗರು ತುಂಬಿಸಿ ತಂದ ಫಾರಂ ನೋಡಿದರೆ ಒಂದೊಂದು ಮನೆಯಲ್ಲೂ ನಾಲ್ಕೇ ಜನ. ಮೂರೂ ಇಲ್ಲ, ಐದೂ ಇಲ್ಲ. ಯಾವ ಗಣಿತಜ್ಞನೂ ಇದನ್ನು ನಂಬಿ ನಿದ್ದೆ ಮಾಡಲಾರ. ಹುಡುಗರು ಟೀ ಅಂಗಡಿಯಲ್ಲಿ ಕೂತು ಗೀಚಿದ್ದಾರೆಂದು ಬೈದು, ನಾನೇ ಹೋದೆ.

ವಠಾರದ ಮಾಲೀಕರು ತುಂಬ ಸಜ್ಜನರು. "ಬನ್ನಿ ಸಾರ್, ನಾನೇ ತೋರಿಸ್ತೀನಿ" ಎಂದು ಬೆನ್ನ ಹಿಂದೆಯೇ ಬಂದರು. ಮೊದಲ ಕೋಣೆಯ ಹೆಂಗಸನ್ನು ಎಷ್ಟು ಜನ ಇದ್ದೀರಿ ಎಂದು ಕೇಳಿದೆ. ಆಕೆ ನನ್ನನ್ನು ನೋಡಲಿಲ್ಲ, ನನ್ನ ಹೆಗಲ ಮೇಲಿಂದ ಮಾಲೀಕರನ್ನು ನೋಡಿದಳು.

"ನಾಕ ಮಂದಿ ಅದೀವ್ರಿ ಸರ್."

ಹೊಸ್ತಿಲ ಹೊರಗೆ ಹದಿಮೂರು ಜೊತೆ ಚಪ್ಪಲಿ ಇದ್ದವು. ತೋರಿಸಿದೆ.

"ಒಬ್ಬೊಬ್ಬರಿಗೆ ಮೂರು ಜೋಡ ಅದಾವ್ರಿ."

"ಮೂರು ನಾಲ್ಕಲಿ ಹನ್ನೆರಡು. ಇನ್ನೊಂದು?"

ಆಕೆ "ಅದು ಮಾಲಕರದರೀ" ಅಂದಳು. ಹಿಂದೆ ತಿರುಗಿ ನೋಡಿದೆ. ಮಾಲೀಕರ ಕಾಲಲ್ಲಿ ಅವರ ಚಪ್ಪಲಿ ಇತ್ತು.

ಬಾಡಿಗೆ ಕರಾರು ಕೋಣೆಗೆ ನಾಲ್ಕೇ ಜನ ಎಂದಿತ್ತು ಎನ್ನುವುದು ಆಮೇಲೆ ತಿಳಿಯಿತು. ಅಪ್ಪನಿಗೆ ಹೇಳಿದರೆ, "ಚಪ್ಪಲಿ ಎಣಿಸಿದ್ರೆ ಮುಗೀತಿತ್ತು. ಇದಕ್ಕೆ ಪಿಎಚ್‌ಡಿ ಬೇಕಿತ್ತಾ?" ಅಂದರು. ಅಂದೇ ಒಂದು ಶಪಥ ಮಾಡಿದೆ: ಅತಿ ನೀಟಾದ ಅಂಕಿಯನ್ನು ಜನ್ಮದಲ್ಲಿ ನಂಬಬಾರದು.

೩. ಆ ಎಂಟು ಜನ

ನಮ್ಮ ಮ್ಯಾನೇಜರ್‌ಗೆ ಗಣಿತದ ಮೇಲೆ ಅಪಾರ ಗೌರವ, ಸಹನೆ ಮಾತ್ರ ಇಲ್ಲ. ಗಿರಾಕಿಗಳ ಬಗ್ಗೆ ನಾನು ಮಾಡಿದ ಒಂದು ಲೆಕ್ಕ ನೂರು ಜನರಲ್ಲಿ ತೊಂಬತ್ತೆರಡು ಜನರ ವಿಷಯದಲ್ಲಿ ಸರಿ ಬರುತ್ತದೆ ಎಂದು ಹೆಮ್ಮೆಯಿಂದ ಹೇಳಿದೆ.

"ಉಳಿದ ಎಂಟು?"

"ತಪ್ಪಾಗುತ್ತೆ ಸರ್."

"ಹಾಗಾದ್ರೆ ಆ ಎಂಟನ್ನ ಮಾಡ್ಬೇಡಿ."

"ಯಾವ ಎಂಟು ಅಂತ ಮೊದ್ಲೇ ಗೊತ್ತಾಗಲ್ಲ ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೋಗ್ಲಿ ಬಿಡಿ. ಗೊತ್ತಾದ ತಕ್ಷಣ ಆ ಎಂಟು ಜನಕ್ಕೂ ಫೋನ್ ಮಾಡಿ ಸಾರಿ ಕೇಳ್ಬಿಡಿ." ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬೇರೇನು ಮಾಡಲಿ?

೪. ಜೂನ್ ಒಂದು

ಮೊಬೈಲ್ ಹೊಸದಾಗಿ ಜನರ ಕೈಗೆ ಬರುತ್ತಿದ್ದ ಕಾಲ. ಫೋನ್ ಕಂಪನಿಯೊಂದಕ್ಕೆ ಸುಳ್ಳು ಅರ್ಜಿಗಳ ಕಾಟ. ಅವನ್ನು ಹಿಡಿಯುವ ಕೆಲಸ ನನಗೆ ಬಂತು. ಅರ್ಜಿಗಳನ್ನು ಜರಡಿ ಹಿಡಿದಾಗ ಕಣ್ಣು ಕುಕ್ಕುವ ಒಂದು ಸಂಗತಿ ಸಿಕ್ಕಿತು. ಹುಟ್ಟಿದ ದಿನ ಜೂನ್ ಒಂದು ಎಂದು ಬರೆದವರು ರಾಶಿ ರಾಶಿ. ಒಂದು ರಾಜ್ಯದ ತಾಯಂದಿರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆರುತ್ತಾರೆಯೇ? ಶಪಥ ನೆನಪಾಯಿತು. ಇವೆಲ್ಲ ಯಾರೋ ಕೂತಲ್ಲೇ ಗೀಚಿದ್ದು ಎಂದು ತೀರ್ಮಾನಿಸಿ, ಜೂನ್ ಒಂದು ಕಂಡರೆ ಅರ್ಜಿ ತಿರಸ್ಕರಿಸು ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟೆ.

ಮ್ಯಾನೇಜರ್ ಮೈಸೂರುಪಾಕಿನ ಪೊಟ್ಟಣ ಕೊಟ್ಟರು. ಅಪ್ಪ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಕಳ್ಳರನ್ನ ಹಿಡೀತೀಯಾ? ಅದು ಕೆಲ್ಸ" ಅಂದರು. ಹತ್ತು ವರ್ಷದಲ್ಲಿ ಮೊದಲ ಸಲ. ಬಚ್ಚಲಿಗೆ ಹೋಗಿ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಆ ಖುಷಿಯಲ್ಲಿ ಅಪ್ಪ ನನಗೂ ಹೇಳದೆ ಹಲಸೂರಿನ ಅಂಗಡಿಗೆ ಹೋಗಿ, ನಾನು ಕಳ್ಳರಿಂದ ಕಾಯುತ್ತಿರುವ ಕಂಪನಿಯ ಫೋನೇ ಬೇಕೆಂದು ಅರ್ಜಿ ಹಾಕಿ ಬಂದಿದ್ದಾರೆ. ಮುಂದಿನ ವಾರ ಪತ್ರ ಬಂತು: ತಮ್ಮ ವಿವರಗಳು ನಂಬಲರ್ಹವಾಗಿಲ್ಲ.

"ಅಪ್ಪಾ, ನೀವು ಹುಟ್ಟಿದ್ದು ಯಾವತ್ತು?"

"ಯಾರಿಗ್ಗೊತ್ತು? ರಾಗಿ ಕೊಯ್ಲಲ್ಲಿ ಅಂತ ನಮ್ಮವ್ವ ಹೇಳ್ತಿದ್ಲು. ಸ್ಕೂಲಿಗೆ ಸೇರಿಸ್ಕೊಳ್ಳೋವಾಗ ವಯಸ್ಸು ಸರಿಹೋಗ್ಲಿ ಅಂತ ಹೆಡ್‌ಮಾಸ್ಟ್ರು ಎಲ್ರಿಗೂ ಜೂನ್ ಒಂದೇ ಬರೆದ್ರು."

"ಹೇಳ್ಬಾರ್ದಿತ್ತಾ?"

"ಕೇಳಿದ್ಯಾ? ಹನ್ನೊಂದು ಜನ ಒಂದೇ ದಿನ ರಿಟೈರ್ ಆಗಿ ಸಾಲಾಗಿ ನಿಂತಿದ್ವಿ. ಫೋಟೊ ತೆಗ್ದೋನು ನೀನೇ. ಎಣಿಸ್ಲಿಲ್ವಾ?"

ಸೋಮವಾರ ಮ್ಯಾನೇಜರ್ ಎದುರು ನಿಂತು ತಪ್ಪೊಪ್ಪಿಕೊಂಡೆ. ಅವರು ಬಾಗಿಲು ಹಾಕಿ ಮೆಲ್ಲಗೆ, "ನಂದೂ ಜೂನ್ ಒಂದೇ ಕಣ್ರೀ" ಅಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಆಗಿದ್ದಾಯ್ತು. ಅವ್ರಿಗೆಲ್ಲ ಫೋನ್ ಮಾಡಿ ಸಾರಿ ಕೇಳಿ."

"ಸರ್, ನಾವು ಅವ್ರಿಗೆ ಕೊಡಲ್ಲ ಅಂದಿದ್ದೇ ಫೋನು."

ಆ ದಿನವೆಲ್ಲ ಕೂತು ನಿಯಮ ಅಳಿಸಿ ಮನೆಗೆ ಬಂದೆ. ಚಪ್ಪಲಿ ಬಿಟ್ಟೆ, ಪ್ರಶ್ನೆ ಬರಲಿಲ್ಲ. ಅಪ್ಪ ಆ ಪತ್ರಕ್ಕೆ ಕಟ್ಟುಹಾಕಿಸಿ, ನಿವೃತ್ತಿಯ ಫೋಟೊದ ಪಕ್ಕ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. "ಇದ್ಯಾಕಪ್ಪಾ, ಹರಿದುಹಾಕಿ" ಎಂದೆ.

"ಸುಮ್ನಿರೋ. ಇಷ್ಟು ವರ್ಷಕ್ಕೆ ನೀನು ಮಾಡಿದ್ದು ಒಂದು ಕೈಗೆ ಸಿಕ್ಕಿದೆ."